ದಣಿದ ತಗಡು, ಹೊಸ ತಗಡು

ಶಿವಲೀಲಾ, ನಿನ್ನ ಅಳತೆ ತಪ್ಪಾಗಿರಲಿಲ್ಲ. ತಗಡುಗಳ ಮೇಲಿನ ಹೆಸರನ್ನು ಅದಲುಬದಲು ಮಾಡಿದವಳು ನಾನು — ಮಾಡಿ, ನೀನು ಕೇಳಿದಾಗ ಇಲ್ಲವೆಂದವಳೂ ನಾನೇ. ಐದು ವರ್ಷ ತಡವಾಗಿ ಹೇಳುತ್ತಿದ್ದೇನೆ.

ಕೆಂಗೇರಿಯ ಕಾಲೇಜಿನಲ್ಲಿ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ನೀನು ಗದಗಿನಿಂದ ಬಂದು, ವಿಜಯನಗರದ ಪೀಜಿಯಲ್ಲಿದ್ದುಕೊಂಡು, ಅಲ್ಲಿ ಸಂಶೋಧನೆ ಮಾಡುತ್ತಿದ್ದೆ. ನಿನ್ನವು ಎರಡು ಅಲ್ಯುಮಿನಿಯಂ ತಗಡು. ಒಂದು ಹೊಸದು, ಇನ್ನೊಂದು ಯಂತ್ರದಲ್ಲಿ ಸಾವಿರಾರು ಸಲ ಬಗ್ಗಿಸಿ ದಣಿಸಿದ್ದು. ಬಿರುಕಿಲ್ಲ, ಗೀರಿಲ್ಲ — ಕಣ್ಣಿಗೆ ಎರಡೂ ಒಂದೇ. ಒಂದು ತುದಿಯಿಂದ ಶಬ್ದದ ಅಲೆ ಕಳಿಸಿದರೆ, ಅದರ ಜೊತೆಗೆ ಎರಡರಷ್ಟು ಕಂಪನದ ಇನ್ನೊಂದು ಅಲೆ ಹುಟ್ಟುತ್ತದೆ, ದಣಿದ ಲೋಹದಲ್ಲಿ ಅದು ಹೆಚ್ಚು, ಮುಂದೆ ಹೋದಷ್ಟೂ ಬಲಿಯುತ್ತದೆ ಎಂದು ನನಗೆ ಬಿಡಿಸಿ ಹೇಳಿದವಳು ನೀನೇ. "ಬಿರುಕ ಬೀಳೂದ್ರಕಿಂತ ಮೊದ್ಲ ತಿಳೀತೈತ್ರಿ ಅಕ್ಕಾ," ಅಂದಿದ್ದೆ. ಆ ದಿನದ ನಿನ್ನ ಮುಖ ಇನ್ನೂ ನೆನಪಿದೆ.

ಶಬ್ದ ಹಿಡಿಯುವ ಸೆನ್ಸರನ್ನು ತಗಡಿಗೆ ಅಂಟಿಸಲು ನೀನು ಹಚ್ಚುತ್ತಿದ್ದ ಜೇನುತುಪ್ಪಕ್ಕೆ ಒಂದು ಬೆಳಿಗ್ಗೆ ಇರುವೆ ಮುತ್ತಿದ್ದವು. ನನಗೋ ಶುಚಿತ್ವದ ಹುಚ್ಚು. ಎರಡೂ ತಗಡನ್ನು ಸ್ಪಿರಿಟ್ ಹಾಕಿ ತಿಕ್ಕಿದೆ — ಇರುವೆಗಳ ಜೊತೆ, ನೀನು ಪೆನ್ನಿನಲ್ಲಿ ಬರೆದಿದ್ದ 'ಹೊಸದು', 'ದಣಿದದ್ದು' ಎಂಬ ಹೆಸರುಗಳೂ ಹೋದವು. ಎಡಗಡೆಯದು ಹೊಸದಿರಬೇಕು... ಇರಬೇಕು ಅಂದುಕೊಂಡು ನಾನೇ ಬರೆದಿಟ್ಟೆ. ನಿನ್ನನ್ನು ಕೇಳಬಹುದಿತ್ತು. ಕೇಳಿದರೆ ನನ್ನ ಎಡವಟ್ಟು ಗೊತ್ತಾಗುತ್ತಿತ್ತು.

ಆಮೇಲೆ ಹೊಸ ತಗಡೇ ದಣಿದಂತೆ ಅಳತೆ ಬರತೊಡಗಿತು. ನೀನು ಮೂರು ಸಲ ಮಾಡಿ ನೋಡಿದೆ, ಮೂರು ಸಲವೂ ಅದೇ. ನಿನ್ನ ಗೈಡ್ ಎಲ್ಲರೆದುರು, "ಏನಮ್ಮ, ಹೊಸ ಪ್ಲೇಟಿಗೇ ಸುಸ್ತಾ? ಈ ಕೆಲಸ ನಿನ್ನ ಕೈಲಾಗಲ್ಲ, ಬೇರೆ ಏನಾದ್ರೂ ನೋಡ್ಕೋ," ಅಂದರು. ಎಲ್ಲರೂ ನಕ್ಕರು. ನಾನು ಮೇಜು ಒರೆಸುತ್ತಿದ್ದೆ.

ನೀನು ಹತ್ತಿರ ಬಂದು ಕೇಳಿದೆ: "ಅಕ್ಕಾ, ಪ್ಲೇಟ್ ಏನರ ಅದಲು ಬದಲು ಆಗ್ಯಾವೇನ್ರಿ?"

"ನನ್ನ ಟೇಬಲ್ ಮೇಲೆ ಹಂಗೆಲ್ಲ ಆಗಲ್ಲ ಕಣೇ."

ಅಷ್ಟೇ... ನೀನು ನನ್ನನ್ನು ನಂಬಿದೆ, ನಿನ್ನ ಅಳತೆಯನ್ನು ನಂಬಲಿಲ್ಲ. ತಿಂಗಳೊಳಗೆ ಸಂಶೋಧನೆಯನ್ನೇ ಬಿಟ್ಟು ಹೋದೆ. ಈಗ ಬ್ಯಾಡರಹಳ್ಳಿಯ ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಮಾಡುತ್ತೀಯಂತೆ. ಪ್ರಯೋಗ ಅಂದರೆ ಮಾತ್ರ, ಅದು ನನ್ನ ಕೈಗೆ ಹತ್ತುವುದಿಲ್ಲ ಅಂತ ಹಿಂದೆ ಸರಿಯುತ್ತೀಯಂತೆ. ಇದನ್ನು ಕೇಳಿದ ದಿನ, ನಿನ್ನ ತಗಡುಗಳು ಇನ್ನೂ ಇವೆಯಾ ಅಂತ ಕಪಾಟು ತೆರೆದು ನೋಡಿದೆ. ಇಷ್ಟು ತಡವಾಗಿ ಬಂದ ಸಂಕಟಕ್ಕೆ ಏನು ಬೆಲೆ ಅಂತ ನೀನು ಕೇಳಬಹುದು — ಕೇಳು.

ಕಳೆದ ವಾರ ಆ ಎರಡನ್ನೂ ಕಪಾಟಿನಿಂದ ತೆಗೆದು, ಯಂತ್ರಕ್ಕೆ ಕಟ್ಟಿ ಬಗ್ಗಿಸತೊಡಗಿದೆ. ಮೊದಲು ಸೀಳಿದ್ದು ನಾನು 'ಹೊಸದು' ಎಂದು ಬರೆದದ್ದೇ. ದಣಿದದ್ದು ಅದೇ ಎಂದು ನಿನ್ನ ಅಳತೆ ಐದು ವರ್ಷದ ಹಿಂದೆಯೇ ಹೇಳಿತ್ತು. ತಗಡು ಹಿಡಿದುಕೊಂಡು ನಿನ್ನ ಗೈಡ್ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ನಿನ್ನ ಹಳೆಯ ಫೈಲು ತೆರೆದು ನೋಡಿದರು. ಆಮೇಲೆ, "ಅವಳ ರೀಡಿಂಗ್ಸ್ ಎಲ್ಲ ಹಾಗೇ ಇದೆ. ವಾಪಸ್ ಬರ್ತಾಳಾ ಕೇಳಿ... ನಾನೂ ಅವಳ ಹತ್ರ ಕ್ಷಮೆ ಕೇಳ್ಬೇಕು," ಅಂದರು.

ಬರುವುದು ಬಿಡುವುದು ನಿನ್ನಿಷ್ಟ. ನನ್ನನ್ನು ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಆದರೆ ನಿನ್ನ ಕೈ ಸರಿಯಾಗಿಯೇ ಇತ್ತು, ಅದು ನಿನಗೆ ತಿಳಿಯಬೇಕು. ಶನಿವಾರ ಆ ತಗಡುಗಳನ್ನು ತಂದು ನಿನ್ನ ವಿದ್ಯಾರ್ಥಿಗಳ ಎದುರಿಗೇ ಇದನ್ನೆಲ್ಲ ಹೇಳುತ್ತೇನೆ. ಸೀಳಿದ್ದರ ಮೇಲೆ ನನ್ನ ಅಕ್ಷರ ಹಾಗೇ ಇದೆ. ಅದನ್ನು ಒರೆಸಿಲ್ಲ.