ಹನ್ನೆರಡು ವರ್ಷ ನಿಧಾನವಾಗಿ ಸತ್ತ ಮದುಮಗಳು

ಏಳನೆಯ ತರಗತಿಗೆ ಶಾಲೆ ಬಿಟ್ಟ ನಾನು ಮುಂದಿನ ಓದನ್ನೆಲ್ಲ ಚನ್ನಪಟ್ಟಣದ ಗ್ರಂಥಾಲಯದ ಬೆಂಚಿನ ಮೇಲೆ ಮುಗಿಸಿದವನು. ಹಾಗೆ ಓದಿದವರಿಗೆ ಅಚ್ಚಾದದ್ದನ್ನು ನಂಬುವ ಅಭ್ಯಾಸ ಕಡಿಮೆ. ಹಳೆಯ ಸಾಮಾನಿನ ಅಂಗಡಿಯಲ್ಲಿ ರೆಕಾರ್ಡ್ ಪ್ಲೇಯರಿನೊಂದಿಗೆ ಸಿಕ್ಕ ಇಟಲಿಯ ಒಪೆರಾ ಎಂಬ ಹಾಡುನಾಟಕದ ತಟ್ಟೆಗಳ ವಿಷಯದಲ್ಲಿಯೂ ಹಾಗೆಯೇ ಆಯಿತು. ಬಲವಂತದ ಮದುವೆಗೆ ಸಿಕ್ಕ ಹುಡುಗಿಯೊಬ್ಬಳು ಬುದ್ಧಿ ಕಳೆದುಕೊಂಡು, ಬಹಳ ಹೊತ್ತು ಹಾಡಿ, ಸಾಯುವ ಕಥೆ ಅದು. ಎಷ್ಟೋ ದಶಕಗಳ ಹಿಂದೆ ರಂಗಮಂದಿರದಲ್ಲಿ ಪ್ರೇಕ್ಷಕರ ಎದುರಿಗೇ ಮುದ್ರಿಸಿಕೊಂಡದ್ದರಿಂದ ನಡುನಡುವೆ ಕೆಮ್ಮು, ಚಪ್ಪಾಳೆಗಳೂ ಇವೆ. ಗಾಯಕಿಯದು ಹಕ್ಕಿಯಂತೆ ಹಗುರವಾದ ಕಂಠ ಎಂದು ರಟ್ಟಿನ ಹೊದಿಕೆಯ ಮೇಲೆ ಬರೆದಿತ್ತು. ನಿಘಂಟು ಮುಂದಿಟ್ಟುಕೊಂಡು ಓದಿದೆ. ಕೇಳಿದರೆ ನಡುವಯಸ್ಸು ದಾಟಿದ, ಭಾರವಾದ ದನಿ.

ಹೊದಿಕೆ ಸುಳ್ಳು ಹೇಳುತ್ತಿದೆ ಎಂದು ಹನ್ನೆರಡು ವರ್ಷ ಸಿಕ್ಕಸಿಕ್ಕವರೊಡನೆ ವಾದಿಸಿದೆ. ಕೊನೆಗೆ ನಮ್ಮ ಓದುಗರ ಕೂಟದವರು, ಭಾನುವಾರ ರಾಮನಗರದಲ್ಲಿ ಅದನ್ನೇ ಪ್ರಬಂಧವಾಗಿ ಓದಿಬಿಡಿ ಎಂದರು. ಹದಿನಾಲ್ಕು ಪುಟ ಬರೆದೆ.

ಗುರುವಾರ ಮಧ್ಯಾಹ್ನ, ಮರದ ಬೊಂಬೆ ಮಾಡುವ ನನ್ನ ಹಳೆಯ ಗೆಳೆಯ ಅದನ್ನು ಕೇಳಲು ಬಂದ. ನಾನು ತಟ್ಟೆ ಹಾಕಿದೆ. ಅವನು ದನಿ ಕೇಳುವುದನ್ನು ಬಿಟ್ಟು ತಿರುಗುವುದನ್ನೇ ನೋಡುತ್ತ ಕುಳಿತ. ಮರ ತಿರುವುವ ಲೇತಿನ ಮುಂದೆ ಜೀವನ ಕಳೆದವನ ಕಣ್ಣು.

"ಗೌಡ್ರೇ, ಇದು ನಿಮಿಷಕ್ಕೆ ಎಷ್ಟು ಸುತ್ತು ಸುತ್ಬೇಕು?"

"ಮೂವತ್ಮೂರು ಚಿಲ್ಲರೆ."

ಅಂಚಿಗೆ ಕೆಂಪು ಅರಗಿನ ಚುಕ್ಕೆ ಅಂಟಿಸಿ, ಗಡಿಯಾರ ಹಿಡಿದು ಎಣಿಸಿದ. "ಮೂವತ್ತು. ಅದೂ ಏದುಸಿರು ಬಿಟ್ಕಂಡು."

ಹಾಡಿನ ತಟ್ಟೆಯನ್ನೂ ಅದರಡಿ ತಿರುಗುವ ಹಲಗೆಯನ್ನೂ ಎತ್ತಿ ಒಳಗೆ ನೋಡಿದ. ಮೋಟಾರಿನ ಮೇಲೆ, ತಟ್ಟೆಯನ್ನು ತಿರುಗಿಸುವ ಹಳದಿ ಬಣ್ಣದ ಮರದ ಪುಲ್ಲಿ ಇತ್ತು. ಪ್ಲೇಯರ್ ತಂದ ದಿನವೇ ಒಡೆದ ಪುಲ್ಲಿಗೆ ಬದಲಾಗಿ, ಬೊಂಬೆಯ ಮರದಲ್ಲಿ ಕಣ್ಣಂದಾಜಿನಿಂದ ಅವನೇ ತಿರುವಿ ಕೊಟ್ಟದ್ದು.

"ಒಸಿ ಸಣ್ಣಾಗೈತೆ. ಅದ್ಕೇ ತಟ್ಟೆ ನಿಧಾನ, ದನಿ ಭಾರ," ಎಂದ. "ಅಲ್ಲಾ ಗೌಡ್ರೇ, ಆವಮ್ಮನ್ನ ಇಷ್ಟು ವರ್ಷ ಅನುಮಾನಿಸಿದ್ರಲ್ಲ, ಒಂದ್ ಸಲ ನನ್ನ ಅನುಮಾನಿಸ್ಬಾರ್ದಾಗಿತ್ತಾ?"

"ನೀವು ಅಚ್ಚಾಗಿರ್ಲಿಲ್ವಲ್ಲ, ಸಾಬ್ರೇ."

ಸಂಜೆಯೊಳಗೆ ದಪ್ಪನೆಯ ಹೊಸ ಪುಲ್ಲಿ ಬಂತು. ದನಿ ಮೇಲೆದ್ದಿತು; ಹೊದಿಕೆ ಹೇಳಿದ ಹಾಗೆಯೇ ಹಗುರ, ಹಕ್ಕಿಯಂತೆ. ಅಡುಗೆಮನೆಯ ಬಾಗಿಲಿಗೆ ಬಂದು ನಿಂತ ನನ್ನ ಹೆಂಡತಿ, "ಪಾಪ, ಇಷ್ಟು ದಿನ ನಿಧಾನಕ್ಕೆ ಸಾಯ್ತಿದ್ಲು. ಈಗ ನೋಡಿ, ಸಾತನೂರು ಬಸ್ ತಪ್ಪೋಯ್ತದೆ ಅನ್ನೋ ಹಂಗೆ ಸಾಯ್ತಾವ್ಳೆ," ಎಂದಳು.

ಹಳೆಯ ಪುಲ್ಲಿಯನ್ನೇ ಮತ್ತೆ ಹಾಕಿದ್ದರೆ ನನ್ನ ಹದಿನಾಲ್ಕು ಪುಟಗಳೂ ಉಳಿಯುತ್ತಿದ್ದವು. ವಿಷಯ ಗೊತ್ತಿದ್ದವರು ಮೂವರೇ. ಶುಕ್ರವಾರವಿಡೀ ಅದನ್ನು ಯೋಚಿಸಲಿಲ್ಲ ಎಂದರೆ ಸುಳ್ಳಾದೀತು. ಶನಿವಾರ ಪುಟಗಳನ್ನು ಬದಿಗಿಟ್ಟು ಬೇರೊಂದು ಹಾಳೆ ತೆಗೆದುಕೊಂಡೆ.

ಭಾನುವಾರ ನಾನು ಓದಿದ ಮೊದಲ ವಾಕ್ಯ ಇಷ್ಟೇ: ಹೊದಿಕೆಯ ಮಾತು ಸರಿ, ನನ್ನ ವಾದ ತಪ್ಪು. ಎರಡನೆಯದಕ್ಕೆ ಬರುವಷ್ಟರಲ್ಲಿ ಹಿಂದಿನ ಸಾಲಿನಿಂದ ಗೆಳೆಯ ಎದ್ದ. "ಅರ್ಧ ತಪ್ಪು ನಂದು. ಪುಲ್ಲಿ ತಿರುವಿದ್ದು ನಾನು. ಅದನ್ನೂ ಬರ್ಕಳಿ."

ನಾನು ಒಪ್ಪಲಿಲ್ಲ. ಅವನದು ಒಂದು ಮಧ್ಯಾಹ್ನದ ಅಂದಾಜು. ಅದನ್ನು ಒಮ್ಮೆಯೂ ಎಣಿಸಿ ನೋಡದೆ ಹನ್ನೆರಡು ವರ್ಷ ಕಳೆದದ್ದು ನನ್ನ ಸ್ವಂತ ಸಂಪಾದನೆ. ಅದರಲ್ಲಿ ಪಾಲಿಲ್ಲ ಎಂದು ಪಟ್ಟು ಹಿಡಿದೆ. ಅವನೂ ಬಿಡಲಿಲ್ಲ. ಉಳಿದ ಪ್ರಬಂಧವನ್ನು ಓದಲು ಹೊತ್ತು ಸಾಲಲಿಲ್ಲ.