ಮೂರು ದಿನದ ಸುಳ್ಳು

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ, ಮುಟ್ಟಾದ ಹೆಂಗಸರನ್ನು ಮೂರು ದಿನ ಹೊರಗೆ ಕೂರಿಸುವ ಪದ್ಧತಿಗೆ ಚೆನ್ನಾಗಿ ಮಂಗಳಾರತಿ ಮಾಡಿದ್ದೆ. ಶಹಬ್ಬಾಸ್ ಎಂದು ನಿಮ್ಮಲ್ಲಿ ಕೆಲವರು ಕಾಗದವನ್ನೂ ಬರೆದಿರಿ. ಆ ಕಾಗದಗಳನ್ನೆಲ್ಲ ಈಗ ವಾಪಸು ಕಳಿಸಬೇಕು. ಏಕೆಂದರೆ ಕಳೆದ ತಿಂಗಳು ನಾನೇ, ಮುಟ್ಟಾಗದಿದ್ದರೂ, ಹೋಗಿ ಹೊರಗೆ ಕುಳಿತೆ!

ಕಾರಣ ಹೇಳುತ್ತೇನೆ. ಎರಡು ಹೆಣ್ಣುಮಕ್ಕಳು ಸಾಕೆಂದು ನಾನೂ ನಮ್ಮವರೂ ತೀರ್ಮಾನಿಸಿದ್ದೆವು. ಹೊಸದಾಗಿ ಬಂದಿರುವ ಗರ್ಭನಿರೋಧಕ ಮಾತ್ರೆಯನ್ನು ಲೇಡಿ ಡಾಕ್ಟರ್ ಬರೆದುಕೊಟ್ಟರು. ಅತ್ತೆಗೆ ಮಾತ್ರ 'ರಕ್ತ ಹೆಚ್ಚಿಸುವ ಮಾತ್ರೆ' ಎಂದೆ. (ಮೊಮ್ಮಗನಿಗೆ ಆಗಲೇ ಹೆಸರು ಆರಿಸಿಟ್ಟಿರುವವರಿಗೆ ಬೇರೇನು ಹೇಳಲಿ?) ಅವರು ನಂಬಿದರು. ದಿನವೂ ಊಟವಾದ ಮೇಲೆ ತಾವೇ ಮಾತ್ರೆಯನ್ನೂ ನೀರನ್ನೂ ತಂದು ಕೊಡತೊಡಗಿದರು.

ಸೇಲಂನಲ್ಲಿ ತಂಗಿಯ ಮದುವೆ. ಮಾತ್ರೆಯ ಪ್ಯಾಕೆಟ್ ವೆಸ್ಟ್ ಮಾಂಬಲಂನ ನಮ್ಮ ಮನೆಯಲ್ಲೇ ಉಳಿಯಿತು. ಐದು ದಿನ ಮಾತ್ರೆ ತಪ್ಪಿತು. ಹಿಂತಿರುಗಿ ಮತ್ತೆ ಶುರು ಮಾಡಿದೆ. ತಿಂಗಳ ದಿನ ಬಂತು, ಹೋಯಿತು. ಏನೂ ಇಲ್ಲ. ಬಸಿರೋ, ಮಾತ್ರೆಯ ಏರುಪೇರೋ? ಡಾಕ್ಟರನ್ನು ಕೇಳಬೇಕಿತ್ತು. ಓದಿದವಳು ಮರೆತೆ ಎಂದು ಹೇಳಲು ನಾಚಿಕೆ.

ಇತ್ತ ಅತ್ತೆ ಕ್ಯಾಲೆಂಡರ್ ನೋಡಿ, ನನ್ನ ಮುಖ ನೋಡಿ, ಒಳಗೊಳಗೇ ನಗತೊಡಗಿದ್ದರು. ಇನ್ನೆರಡು ದಿನ ಬಿಟ್ಟರೆ ಬೀದಿಗೆಲ್ಲ ಸುದ್ದಿ. ಚಾಪೆ, ತಟ್ಟೆ, ಲೋಟ ಎತ್ತಿಕೊಂಡು ಹಿತ್ತಲ ಬಾಗಿಲ ಬಳಿ ಕುಳಿತುಬಿಟ್ಟೆ. ಮಂಡಿನೋವಿನ ಅತ್ತೆ ಮೂರು ದಿನ ಒಬ್ಬರೇ ಅಡುಗೆ ಮಾಡಿ ದೂರದಿಂದ ಬಡಿಸಿದರು. ನಾನು ಕಾದಂಬರಿ ಓದಿದೆ. ಅವರು ಕೊಟ್ಟ ಮಾತ್ರೆಯನ್ನೂ ನುಂಗಿದೆ.

ಎರಡು ವಾರಕ್ಕೆ ವಾಕರಿಕೆ ಶುರುವಾಯಿತು. ಅತ್ತೆ ಗಾಬರಿಯಾಗಿ ರಿಕ್ಷಾ ಹತ್ತಿಸಿ ಅದೇ ಡಾಕ್ಟರ ಬಳಿ ಕರೆದೊಯ್ದರು.

"ಕಡೈಸಿಯಾ ಎಪ್ಪೋ ಆಚು?" ಕೊನೆಯ ಸಲ ಮುಟ್ಟಾದದ್ದು ಯಾವಾಗ ಎಂದು ಡಾಕ್ಟರ್ ನನ್ನನ್ನು ಕೇಳಿದರು.

ಉತ್ತರ ಕೊಟ್ಟವರು ಅತ್ತೆ. ಹದಿನೈದು ದಿನವಾಯಿತು, ಮೂರು ದಿನವೂ ನಾನೇ ಬಡಿಸಿದ್ದೇನೆ, ನನಗೆ ಗೊತ್ತಿಲ್ಲವೇ ಎಂದು ತಮಿಳಿನಲ್ಲೇ ಹೇಳಿದರು. ಹಾಗಾದರೆ ಬಸಿರಲ್ಲ, ಮಾತ್ರೆ ನಿಲ್ಲಿಸಬೇಡಿ ಎಂದರು ಡಾಕ್ಟರ್.

"ಕೇಳಿಸ್ತೇನೇ? ನಿಲ್ಲಿಸ್ಬಾರ್ದಂತೆ. ನಾನು ಮರೀದೆ ಕೊಡ್ತೀನಿ ಬಿಡು," ಎಂದು ಅತ್ತೆ ನನ್ನ ಬೆನ್ನು ಸವರಿದರು.

ನೆಲ ಬಿರಿದು ಒಳಗೆ ಸೇರಿಸಿಕೊಳ್ಳಬಾರದೇ ಅನ್ನಿಸಿತು. ಹೇಳಿದೆ. ತಪ್ಪಿದ ಐದು ದಿನ, ಸುಳ್ಳು ಮುಟ್ಟು, ಆ ಮಾತ್ರೆ ಯಾವುದೆಂಬುದು, ಎಲ್ಲ.

ಡಾಕ್ಟರ್ ಕನ್ನಡಕ ತೆಗೆದು ನನ್ನನ್ನು ನೋಡಿದರು. ಅನುಮಾನ ಬಂದ ದಿನವೇ ಬರಬಾರದಿತ್ತೇ ಎಂದರು. ಮಾತ್ರೆ ನಿಲ್ಲಿಸಿ, ಟೆಸ್ಟಿಗೆ ಬರೆದುಕೊಟ್ಟು, ಹೆದರಬೇಡಿ ಎಂದೂ ಹೇಳಿದರು. ಬೈಸಿಕೊಳ್ಳಲು ನಾನು ತಯಾರಾಗಿದ್ದೆ. ರಿಕ್ಷಾದಲ್ಲಿ ಅತ್ತೆ ಬೈಯಲೇ ಇಲ್ಲ.

"ಒಳಗೆ ಮಗು ಇದ್ರೆ... ದಿನಾ ಕೊಟ್ಟಿದ್ದು ನಾನು ತಾನೇ ಕಣೆ? ಅದಕ್ಕೇನಾದ್ರೂ ಆದ್ರೆ ಪಾಪ ನನಗೆ ತಾನೇ?"

ಇಲ್ಲ ಅತ್ತೆ, ಇಲ್ಲ ಎಂದೆ. ಕೇಳಿಸಿಕೊಳ್ಳಲಿಲ್ಲ. ಮಕ್ಕಳು ಎಷ್ಟಿರಬೇಕೆಂದು ನಾನು ತೀರ್ಮಾನಿಸಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಆ ಮಾತನ್ನು ಅವರ ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲವಲ್ಲ, ಅದಕ್ಕೆ ಇದೆ.

ಟೆಸ್ಟಿನ ಉತ್ತರ ಇನ್ನೂ ಬಂದಿಲ್ಲ. ಅತ್ತೆ ದೇವರಿಗೆ ಹರಕೆ ಹೊತ್ತು ಒಪ್ಪೊತ್ತು ಹಿಡಿದಿದ್ದಾರೆ. ನನಗೆ ಮಾತ್ರ, ಬಸಿರಿದ್ದರೂ ಇರಬಹುದೆಂದು, ಬಲವಂತ ಮಾಡಿ ಬಡಿಸುತ್ತಾರೆ. ಯಾವ ಮುಖವಿಟ್ಟುಕೊಂಡು ಉಣ್ಣಲಿ, ನೀವೇ ಹೇಳಿ?