ಎದುರಂಗಡಿಯ ಅಗಲ ಟೈರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಜಾಕ್ ಮೇಲೆ ನಿಂತ ಕಾರಿನ ಪಕ್ಕ ಕುಕ್ಕರುಗಾಲಲ್ಲಿ ಕೂತ ಟೈರಣ್ಣ, ಕಣ್ಣು ಮುಚ್ಚಿ ಟೈರಿನ ಮೇಲೆ ಅಂಗೈ ಆಡಿಸುತ್ತಾರೆ. ಹೊರ ಅಂಚು ಸವೆದಿದೆ, ಒಳ ಅಂಚು ಇನ್ನೂ ಗಟ್ಟಿಯಿದೆ. ಅದನ್ನು ತಿಳಿಯಲು ಅವರಿಗೆ ಕೈ ಸಾಕು. ಕಣ್ಣು ಬಿಟ್ಟರೆ ಮಾತ್ರ ನೋಟ ನೆಟ್ಟಗೆ ರಸ್ತೆಯಾಚೆ ಹೋಗುತ್ತದೆ.

ಅಲ್ಲಿರುವುದು ಅವರ ಷಡ್ಡಕನ ಅಂಗಡಿ. ಗಾಜಿನ ಗೋಡೆ, ಗಿರಾಕಿ ಕೂರಲು ಸೋಫಾ. ಹೆಂಡತಿಯ ತಂಗಿಯನ್ನು ಕೈಹಿಡಿದ ಆತ ಪಂಕ್ಚರ್ ಹಾಕಲು ಕಲಿತದ್ದು ಟೈರಣ್ಣನ ಬಳಿಯೇ. ಈಗ ಮುಂದೆ ಸಣ್ಣ ಟೈರು, ಹಿಂದೆ ಅಗಲದ್ದು ಹಾಕಿ ಕಾರಿಗೆ ಠೀವಿ ತರುವುದರಲ್ಲಿ ಊರಿಗೇ ಹೆಸರುವಾಸಿ.

"ಹೊಟ್ಟೆಕಿಚ್ಚಿಲ್ಲ ಅಂದ್ರೆ ಸುಳ್ಳಾಗುತ್ತೆ," ಟೈರಣ್ಣ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. "ಅವನ ಅಂಗಡಿ ಮುಂದೆ ನಾಲ್ಕು ಕಾರು ನಿಂತ್ರೆ ನಂಗೆ ಊಟ ಸೇರಲ್ಲ."

"ಮೊನ್ನೆ ಐದು ನಿಂತಾಗ ಎರಡು ಸಲ ಬಡಿಸ್ಕೊಂಡ್ರಲ್ಲ!" ಒಳಗಿನಿಂದ ಹೆಂಡತಿಯ ಧ್ವನಿ. "ಆ ಕಡೆ ನೋಡಿದ್ದು ಸಾಕು, ನಟ್ಟು ಬಿಗಿ ಮಾಡಿ."

ಇಪ್ಪತ್ತೇಳು ವರ್ಷದ ದುಡಿಮೆ. ದಿನಕ್ಕೆ ಇಪ್ಪತ್ತೈದು, ಮೂವತ್ತು ಟೈರು ಬಿಚ್ಚಿ ಹಾಕುತ್ತಾರೆ. ಬಲಗೈ ಭುಜದಿಂದ ಮೇಲೇಳುವುದಿಲ್ಲ. ಎಂದೋ ಸಿಡಿದ ರಿಮ್ಮೊಂದು ಕಿರುಬೆರಳನ್ನು ಸೊಟ್ಟ ಮಾಡಿ ಹೋಗಿದೆ.

ಏಳು ಗಂಟೆಗೆ ಬಾಡಿಗೆ ಕಾರಿನ ಚಾಲಕನೊಬ್ಬ ಬರುತ್ತಾನೆ. ಹನ್ನೆರಡು ವರ್ಷದ ಗಿರಾಕಿ. ನಾಲ್ಕೂ ಟೈರು ಬದಲಿಸಬೇಕು, ಹಿಂದಿನವು ಮಾತ್ರ ಅಗಲದ್ದೇ ಆಗಬೇಕು.

"ಹಿಂದಿನ ಚಕ್ರ ತಳ್ಳೋ ದೊಡ್ಡ ಎಂಜಿನ್ ಕಾರಿಗೆ ಅದು ಸರಿ ಕಣೋ," ಟೈರಣ್ಣ ಬಿಡಿಸಿ ಹೇಳುತ್ತಾರೆ. "ನಿನ್ನ ಕಾರನ್ನ ಎಳೆಯೋದು ಮುಂದಿನವು, ಬೇಗ ಸವೆಯೋದೂ ಅವೇ. ನಾಲ್ಕೂ ಒಂದೇ ಅಳತೆ ಇದ್ರೆ ಮುಂದಿಂದು ಹಿಂದೆ, ಹಿಂದಿಂದು ಮುಂದೆ ಹಾಕಿ ಒಂದೇ ಸಮ ಸವೆಸಬಹುದು. ಬೇರೆ ಬೇರೆ ಆದ್ರೆ ಅದಲು ಬದಲು ಮಾಡೋ ಹಾಗಿಲ್ಲ."

"ನಿಂಗೆ ಅವನ ಮೇಲೆ ಹೊಟ್ಟೆಕಿಚ್ಚು ಅಣ್ಣ, ಅದಕ್ಕೇ ಹೀಗಂತೀಯ. ಯಾರಿಗೆ ಗೊತ್ತಿಲ್ಲ!" ಚಾಲಕ ನಗುತ್ತಲೇ ಕಾರು ತಿರುಗಿಸಿ ರಸ್ತೆ ದಾಟುತ್ತಾನೆ.

ಟೈರಣ್ಣ ಸ್ಪ್ಯಾನರ್ ಹಿಡಿದು ನಿಂತೇ ಇದ್ದಾರೆ. "ಹೊಟ್ಟೆಕಿಚ್ಚು ನಿಜ. ಹಾಗಂತ ನಾನು ಹೇಳಿದ್ದು ಸುಳ್ಳಾಗುತ್ತಾ?"

ಷಡ್ಡಕ ತನ್ನ ಸ್ವಂತ ಕಾರಿಗೆ ಯಾವುದು ಹಾಕಿಸಿದ್ದಾನೆ ಎಂದು ಕೇಳಿದರೆ ಅವರ ಮುಖ ಸಡಿಲವಾಗುತ್ತದೆ.

"ನಾಲ್ಕೂ ಒಂದೇ ಅಳತೆ. ಹಾಕಿದ್ದು ನಾನೇ. ನಾದಿನಿ, ಮಕ್ಕಳು ಓಡಾಡೋ ಕಾರು ನೋಡಿ, ಅವನು ಬೇರೆ ಕೈಗೆ ಕೊಡಲ್ಲ. ರಸ್ತೇಲಿ ನರಪಿಳ್ಳೆ ಇಲ್ಲದ ಭಾನುವಾರ ಮಧ್ಯಾಹ್ನ ನೋಡ್ಕೊಂಡು ನನ್ನ ಹತ್ರ ತರ್ತಾನೆ."

ಚಾಲಕನಿಗೆ ಅದನ್ನೇ ಹೇಳಬಹುದಿತ್ತಲ್ಲ ಎಂದರೆ ತಲೆಯಾಡಿಸುತ್ತಾರೆ.

"ಹೇಳಿದ್ರೆ ಅದೂ ಹೊಟ್ಟೆಕಿಚ್ಚಿಗೆ ಕಟ್ಟಿದ ಕತೆ ಅಂತಾನೆ." ಟೈರಣ್ಣ ಮತ್ತೆ ಕಾರಿನ ಪಕ್ಕ ಕೂರುತ್ತಾರೆ. "ಒಂದು ಸಲ, ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಕಾರು ತಗೊಂಡು ಬರಲಿ ನನ್ನ ಷಡ್ಡಕ, ಗಿರಾಕಿಗಳೆಲ್ಲ ನೋಡೋ ಹಾಗೆ. ಕೂಲಿ ಬೇಡ ನಂಗೆ."